ತಾರೀಖು

ಕಂಚೆಲ್ಲ ತೋಪಿಗೆ ಹೋಗಿತ್ತು ಆ ವರ್ಷ,
ಪದಕಕ್ಕೆ ಎರಕದ ಕಬ್ಬಿಣವೇ ಗತಿ.
ಫೋರ್ಟ್ಸ್‌ಹೈಮಿನ ಅಚ್ಚುಮನೆಯಲ್ಲಿ ನಾನು
ಅಂಚು ಉಜ್ಜುವ ಹುಡುಗ.

ಒಂದು ಮಗ್ಗುಲಲ್ಲಿ ಅವಳು, ಕಣ್ಣಿಗೆ ಬಟ್ಟೆ, ಹಿಂದೆ ಕಂಬ.
ಇನ್ನೊಂದರಲ್ಲಿ ಹದ್ದು, ‘ದ್ರೋಹಕ್ಕೆ ತಕ್ಕುದು’, ಕೆಳಗೆ ತಾರೀಖು.
ಒಡಿಲ್ ರಾಸ್ಕೆನ್, ಲಿಯೇಜಿನಲ್ಲಿ ಗುಂಡಿ ಮಾರುತ್ತಿದ್ದವಳು,
ಸೈನ್ಯದ ರೈಲು ಎಣಿಸಿದವಳು.
ರೈಲು ನಮ್ಮವು. ಹಳಿ ಅವಳೂರಿನವು.

ವೇರ್ಲೆ ಮೇಸ್ತ್ರಿ ಅವಳನ್ನು ಕಂಡವನಲ್ಲ.
ಮೂಗು ಅಂಚೆಕಚೇರಿಯ ಹೆಂಗಸಿನದು,
ಗಲ್ಲ, ತೀರಿಕೊಂಡ ತನ್ನ ತಂಗಿಯದು.

ಮುನ್ನೂರು ಎರಕವಾಗಿ ಪೆಟ್ಟಿಗೆಗೆ ಮೊಳೆ ಹೊಡೆದ ಮೇಲೆ
ಕಾಗದ ಬಂತು: ಮಂಜು ದಟ್ಟವಾಗಿತ್ತು, ಗುರಿ ಕಾಣಲಿಲ್ಲ,
ಕೆಲಸ ಮರುದಿನ ಆಯಿತು.
ಮೇಸ್ತ್ರಿ ಕನ್ನಡಕ ಒರೆಸಿಕೊಂಡ. ‘ಇರಲಿ ಬಿಡು,
ಒಂದು ದಿನಕ್ಕೆ ಲೆಕ್ಕ ಕೇಳುವವರಾರು?’

ನನಗೀಗ ಎಪ್ಪತ್ತೊಂದು. ಅಂದೇ ಒಂದನ್ನು ಕದ್ದಿದ್ದೆ.
ಮೊಳೆಡಬ್ಬಿಯಲ್ಲಿ ತುಕ್ಕು ತಿನ್ನುತ್ತಿದೆ, ಹದ್ದಿನ ಕಡೆಯಿಂದ.
ಕೈಗೆ ಸಿಕ್ಕಾಗಲೆಲ್ಲ ಆ ದಿನವೇ ನೆನಪು,
ಕಬ್ಬಿಣ ಅವಳನ್ನು ಕೊಂದು ಮುಗಿಸಿದ ಮೇಲಿನ ದಿನ:
ಕಿಟಕಿಯಾಚೆ ಮಂಜು. ಸೂಪು ಕೊಟ್ಟರೋ ಇಲ್ಲವೋ.
ತೋಳಿನ ಸಡಿಲ ಗುಂಡಿ ಬಿಗಿದುಕೊಂಡಳೋ.
ದೂರದಲ್ಲಿ ರೈಲೇನಾದರೂ ಹೋಗಿದ್ದರೆ
ಎಣಿಸಿಯೇ ಇರುತ್ತಾಳೆ.