ಮೂರನೇ ಗೆಣ್ಣಿನ ಮೇಲೆ

ಕೌಲ್ ಬಜಾರಿನ ನಮ್ಮ ಜೀನ್ಸ್ ಶೆಡ್ಡಿನ
ಮೆಟ್ಟಿಲ ಸಂದಿಯಲ್ಲಿ, ಪೇಂಟಿನ ಡಬ್ಬಿಯೊಳಗೆ
ಒಂದು ಅಂಜೂರ.
ಗವಾಕ್ಷಿಯ ಅಂಗೈಯಗಲ ಬೆಳಕಿಗೆ
ಕತ್ತು ಚಾಚಿ ಚಾಚಿ
ನನಗಿಂತ ಎತ್ತರ,
ನನ್ನ ಕಿರುಬೆರಳಿಗಿಂತ ಸಪೂರ.
ಗೆಣ್ಣಿಗೂ ಗೆಣ್ಣಿಗೂ ನಡುವೆ ಗೇಣು ಬರಿದು.
ಉಳಿದ ದಾರ ಕಟ್ಟಿ ಮೊಳೆಗೆ ನಿಲ್ಲಿಸಿದ್ದೆ.
ಯೂರಿಯಾ ಹಾಕಿದೆ;
ಇನ್ನಷ್ಟು ಉದ್ದವಾಯಿತು, ಅಷ್ಟೆ.

ಗುಂಡಿ ಹಚ್ಚುವ ಖಾಸಿಂಬಿ ನೋಡಿ ನಕ್ಕಳು:
"ಉದ್ದ ಆದ್ರೆ ಬೆಳ್ದಂಗೇನು?
ಕಾಲು ಉದ್ದ ಬಂದ ಪ್ಯಾಂಟು
ಹಂಗೇ ಕೊಡ್ತೀಯಾ ಗಿರಾಕಿಗೆ?
ತಗಾ ಕತ್ತರಿ."

ಎಂಟು ಪದರ ಡೆನಿಮ್ಮು ಸರಕ್ಕನೆ ಸೀಳುವ ಕೈ
ಅಲ್ಲಿ ನಡುಗಿತು.
ಕೆಳಗಿನಿಂದ ಮೂರನೇ ಗೆಣ್ಣಿನ ಮೇಲೆ...
ಹಾಲು ಬಂತು.
ನೀಲಿ ಹತ್ತಿದ ಬೆರಳಿಗೆ ಬಿಳಿ, ಆಮೇಲೆ ತುರಿಕೆ.
ಎರಡು ದಿನ ಅದರ ಕಡೆ ನೋಡಲಿಲ್ಲ.

ಮೂರನೆಯ ದಿನದಿಂದ ದಿನಕ್ಕೊಂದು ಮೆಟ್ಟಿಲು.
ಒಮ್ಮೆಗೇ ಮಾಳಿಗೆಗೊಯ್ದರೆ
ಬಳ್ಳಾರಿ ಬಿಸಿಲು ಬಿಟ್ಟೀತೆ?
ಹನ್ನೊಂದು ಮೆಟ್ಟಿಲು, ಹನ್ನೊಂದು ಊಟದ ಬಿಡುವು,
ಡಬ್ಬಿಯನ್ನು ಕೂಸಿನಂತೆ ಸೊಂಟಕ್ಕಿಟ್ಟು.
ಕೋಟೆ ಗುಡ್ಡ ಕಾಣುವ ಎತ್ತರಕ್ಕೆ ಬಂದಾಗ
ಅದು ಬರೀ ಮೋಟು.
ಇಸ್ತ್ರಿಯ ವೆಂಕೋಬ ಅಂದ: "ಸತ್ತೈತಿ, ಒಗಿ."

ಒಗೆಯಲಿಲ್ಲ.
ನಿನ್ನೆ ಗೆಣ್ಣಿನ ಪಕ್ಕ ಒಂದು ಹಸಿರು ಗುಳ್ಳೆ,
ಸೂಜಿಯ ಕಣ್ಣಷ್ಟು.
ಉಸಿರು ಬಿಗಿಹಿಡಿದು ನೋಡಿದೆ,
ದಾರ ಪೋಣಿಸುವಾಗ ಹಿಡಿಯುವ ಹಾಗೆ.

ಹೇಳಲೆಂದು ಓಡಿದರೆ ಖಾಸಿಂಬಿ ಅಂದಳು,
ಅಂದು ನಾನು ಬಿಸಾಕಿದ ತುದಿ
ಅವಳ ಬಾಗಿಲಲ್ಲಿ, ಒಡೆದ ಕೊಡದಲ್ಲಿ,
ಆಗಲೇ ಎರಡು ಎಲೆ ಬಿಟ್ಟಿದೆಯಂತೆ.

ಸ್ವಲ್ಪ ಹೊಟ್ಟೆಕಿಚ್ಚಾಯಿತು.