ಬಿಜಾಗರಿ

ಶಹಾಪುರ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿ ಟಿವಿಯೊಳಗ
ಮತ್ತೆಲ್ಲೋ ಬಾಂಬು. ಹೊಗೆ, ಒಂಟಿ ಚಪ್ಪಲಿ, ಓಡುವ ಮಂದಿ.
ಬ್ಯಾಂಕಿನ ಕಾವಲಿಗೆ ಹೊಂಟವನ ತೋಳು ಹಿಡಿದು
ಸಾಬಣ್ಣ ಕೇಳಿದ, ಬಶಿಗೆ ಚಹಾ ಸುರುವಿಕೋತ:
"ನೀ ಅಲ್ಲಿದ್ದು ಬಂದಾಂವ, ಹೇಳು ಹವಾಲ್ದಾರ,
ಒಂದು ಸಲ ಪೂರಾ ಫೌಜು ನುಗ್ಗಿಸಿದ್ರ
ಮುಗೀತದಲ್ಲ?"

ನುಗ್ಗಿದ್ವಿ.
ಮುಂದಿನ ಗಾಡಿಯಾಗ ಚಿಂಚೋಳಿಯ ರೇವಪ್ಪ ಇದ್ದ.
ನೆಲಬಾಂಬು ಸಿಡಿದ ಮ್ಯಾಲ ಅವನ ವಾಚು ಸಿಕ್ಕಿತು,
ಇನ್ನೂ ನಡೀತಿತ್ತು.
ಅದನ್ನ ಹುಗಿದವನಿಗೆ ನನ್ನ ಹತ್ರ ಇವತ್ತಿಗೂ ಮಾಫಿ ಇಲ್ಲ.

ಆ ರಾತ್ರಿ ಊರು ಸುತ್ತುವರಿದು ಮನಿ ಮನಿ ಶೋಧ.
ಏಳನೇ ಬಾಗಿಲು ಒದ್ದಾಂವ ನಾನು.
ಒಳಗ ಒಬ್ಬಾಕಿ ಮುದುಕಿ ದೀಪಕ್ಕ ಕೈ ಅಡ್ಡ ಹಿಡಿದಿದ್ದಳು,
ನಮಗ ಅಂಜಿ ಅಲ್ಲ,
ಮುರಿದ ಬಾಗಿಲಿಂದ ಗಾಳಿ ಬರ್ತಿತ್ತಲ್ಲ, ಅದಕ್ಕ.
ಅಕ್ಕಿ ಡಬ್ಬಿಯೊಳಗ ಮೊಣಕೈ ತನಕ ಕೈ ಹಾಕಿದೆ.
ಬರೇ ಅಕ್ಕಿ.
ಹಿಂದಿನ ಓಣಿಯಾಗ ಬೇಕಾದವ ಸಿಕ್ಕ, ಸತ್ತ.
ಗೆದ್ವಿ, ಖರೆ. ಸಾಹೇಬರು ಬೆನ್ನು ಚಪ್ಪರಿಸಿದರು.

ಹೊರಗ ಬರೋವಾಗ ಎಂಟೊಂಬತ್ತು ವರ್ಷದ ಹುಡುಗ
ಕಿತ್ತು ಬಿದ್ದ ಬಿಜಾಗರಿ ಹೆಕ್ಕಿ
ನನ್ನ ಅಂಗೈಯೊಳಗ ಇಟ್ಟ.
ಬೈಲಿಲ್ಲ, ಅಳಲಿಲ್ಲ, ಬಾಗಿಲ ಕಡೆ ಕೈ ಮಾಡಿದ, ಅಷ್ಟ.
ಅವನ ಭಾಷಾ ನನಗ ಬರ್ತಿರಲಿಲ್ಲ.
ಹೊರಡೋ ಸೀಟಿ ಊದಿತ್ತು.

ಮರುವರ್ಷ ಅದೇ ಊರಿಂದ ಹೊಸ ಹೆಸರುಗಳ ಪಟ್ಟಿ ಬಂತು.
ನಾ ಓದಲಿಲ್ಲ.

ತೊಗರಿ ಹೊಲದಾಗ ಜೇಕು ಕಂಡಾಗೆಲ್ಲ ಅವ್ವ ಅಂತಿದ್ದಳು:
ಸಿಟ್ಟಿಲೆ ಕುಂಟಿ ಹೊಡೀಬ್ಯಾಡೋ,
ಗಡ್ಡಿ ತುಂಡಾದಷ್ಟೂ ಒಂದಿದ್ದದ್ದು ಹತ್ತಾಗ್ತದ.
ಸಾಬಣ್ಣಗ ಅದನ್ನ ಹೇಳಬೇಕಂತ ಬಾಯಿ ತೆರೆದೆ,
ಮುಚ್ಚಿದೆ.
ಆ ಹುಡುಗ ಜೇಕಲ್ಲ.
ನಾ ಆ ಮನಿಯಾಗ ಬಿಟ್ಟುಬಂದ ರಾತ್ರಿ
ಇದ್ರೂ ಇರಬಹುದು.
"ಚಹಾ ಆರ್ತದ ಕುಡಿ" ಅಂದೆ.

ಸಂಜಿಗೆ ಲಾಡ್ಲೇಸಾಬನ ಬಡಗಿ ಅಂಗಡ್ಯಾಗ ಕುಂತು ಕೇಳಿದೆ,
ಒದ್ದು ಮುರಿದ ಬಾಗಿಲು ಕೂಡಸಾಕ ಎಷ್ಟು ದಿನ?
ಅವ ರಂದಾ ನಿಲ್ಲಸದ ಅಂದ:
"ಬಾಗಿಲಷ್ಟ ಆದ್ರ ಒಂದು ದಿನ.
ಚೌಕಟ್ಟು ಸಡ್ಲ ಆಗಿದ್ರ ಗ್ವಾಡಿ ಬಿಚ್ಚಬೇಕು.
ಅದ್ಕೂ ಮೊದಲ
ಮನಿಯವರು ಒಳಗ ಕರೀಬೇಕಲ್ಲೋ ಮಾರಾಯ."

ಹೊಟ್ಟು ಹಾರಿ ನನ್ನ ಖಾಕಿ ಮ್ಯಾಲ ಕುಂತಿತು.

ಟ್ರಂಕಿನಾಗ ಇನ್ನೂ ಅದ ಆ ಬಿಜಾಗರಿ.
ಮೂರು ತೂತು, ಒಂದರಾಗ ಮುರಿದ ತಿರುಪು.
ಐತವಾರ ಬ್ಯಾಂಕಿನ ಕೋವಿಗೆ ಎಣ್ಣಿ ಹಚ್ಚಿ
ಬಟ್ಟಿಗೆ ಉಳಿದದ್ದನ್ನ ಅದಕ್ಕ ಒರಸತೀನಿ.
ಜಂಗು ಹಿಡಿದಿಲ್ಲ, ಸರಳ ಆಡ್ತದ.
ಈ ಕಡಿ ಯಾವ ಬಾಗಿಲಿಗೂ
ಹೊಂದೂದಿಲ್ಲ.