ನೆಟ್ಟಗೆ ಹಿಡಿ, ಒರಾಸಿಯು

ನೆಟ್ಟಗೆ ಹಿಡಿ, ಒರಾಸಿಯು. ಇನ್ನೂ ಸ್ವಲ್ಪ. ನಿನ್ನ ಕಡೆಗಲ್ಲ,
ನನ್ನ ಕಡೆಗೆ.
ಪಕ್ಕದ ಸ್ಟ್ಯಾಂಡಿನ ಮೇಲೆ ಓರೆ ನಿಂತಾಗ
ಈ ಗಾಡಿ ಸುಳ್ಳು ಹೇಳುತ್ತದೆ,
ಇಲ್ಲದ್ದನ್ನು ಇದೆಯೆಂದು ತೋರಿಸಿ
ನಡುದಾರಿಯಲ್ಲಿ ಕೈಬಿಡುತ್ತದೆ.

ನಡುವಿನ ಸ್ಟ್ಯಾಂಡು ಮುರಿದದ್ದು ವಿಜೆವು ಊರಿನಲ್ಲಿ.
ಮುರಿದದ್ದು ಯಾರು ಎಂಬ ಮಾತು ಮುಗಿದದ್ದು ಎಲ್ಲೂ ಅಲ್ಲ.
ನಾನೂರು ಕಿಲೊಮೀಟರು ನನ್ನ ಬೆನ್ನಿಗಂಟಿ ಕೂತು
ಒಂದಕ್ಷರ ಆಡಲಿಲ್ಲ ನೀನು.
ಹೆಲ್ಮೆಟ್ಟಿನ ಮೈಕಿನಲ್ಲಿ ನಿನ್ನ ಉಸಿರು ಮಾತ್ರ,
ವಾಷರ್ ಸವೆದ ಕುಕ್ಕರಿನಂತೆ.

ನಿನ್ನೆ ಸಂಜೆ ನಲವತ್ತಮೂರು ಡಿಗ್ರಿ.
ಅಲೆಂತೆಜು ಬಯಲಿನಲ್ಲಿ ಹುಲ್ಲು ಕೂಡ ಬೂದಿ ಬಣ್ಣ.
ಅಲ್ಮೊದೊವರ್ ದಾಟುತ್ತಲೇ ಕೆಂಪು ದೀಪ ಹತ್ತಿತು,
ಫ್ಯಾನು ಒಂದೇ ಸಮ ಅರಚಿತು.
ಇಳಿದವನೇ ಮುಚ್ಚಳಕ್ಕೆ ಕೈ ಹಾಕಿದೆ. ಆ ಕೈ ಹಿಡಿದೆ ನಾನು,
ಹಿಡಿದಲ್ಲೇ ಸಿಕ್ಕಿತು, ಮೂವತ್ತು ವರ್ಷದ ಹಿಂದೆ
ಇನ್ನೊಂದು ರೇಡಿಯೇಟರು ಉಗುಳಿದ ಹಬೆಯ ಗುರುತು,
ಆರಿದ ಹಾಲಿನ ಕೆನೆಯ ಹಾಗೆ ಸುಕ್ಕು ಸುಕ್ಕು.
ಆ ದಿನವೂ ನಿನಗೆ ಅವಸರವೇ.
ಆರಲಿ, ಅಂದೆ. ಬೆಳಗಾಗಲಿ.
ನೀನು ಅತ್ತ ತಿರುಗಿ ಮಲಗಿದೆ.

ಭಟ್ಟಿ ಇಳಿಸಿದ ನೀರು ಕೊಡಿ ಅಂದರೆ
ಅಂಗಡಿಯ ಎತೆಲ್ವೀನಾ ಕೇಳಿದಳು, 'ಇಸ್ತ್ರಿಗಾ?'
ಹೂಂ, ಸುಕ್ಕು ಜಾಸ್ತಿಯಾಗಿದೆ ಅಂದೆ.
ಅವಳು ನನ್ನ ಚರ್ಮದ ಜಾಕೆಟ್ಟನ್ನೇ ನೋಡಿದಳು.
ನಲ್ಲಿ ನೀರಾಗದು, ಇಲ್ಲಿನದು ಬರೀ ಸುಣ್ಣ.
ಆಲಿವ್ ಡಬ್ಬಿ ತೊಳೆದು
ಅರ್ಧ ನೀಲಿ ಕೂಲಂಟ್, ಅರ್ಧ ನೀರು, ಬೆರೆಸಿ ತಂದಿದ್ದೇನೆ.
ಮೂವತ್ತೊಂದು ವರ್ಷ ಎವುರಾ ಆಸ್ಪತ್ರೆಯಲ್ಲಿ
ಕಿಡ್ನಿ ಯಂತ್ರಗಳ ಪಕ್ಕ ನಿಂತವಳಿಗೆ ಅಳತೆ ತಪ್ಪುವುದಿಲ್ಲ.
ನಾಳದಲ್ಲಿ ಗಾಳಿಗುಳ್ಳೆ ಕಂಡರೆ
ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ, ಅಷ್ಟೆ.

ಟಾರ್ಚು ಹಿಂದಿನಿಂದ ಹಿಡಿದೆ. ಹಳದಿಗಟ್ಟಿದ ಪ್ಲಾಸ್ಟಿಕ್ಕಿನಲ್ಲಿ
ನೀರಿನ ನೆರಳು, ಕೆಳಗೆರೆಗೂ ಒಂದು ಬೆರಳು ಕೆಳಗೆ.
ನೆಲದ ಮೇಲೆ ಒಂದು ಹನಿಯಿಲ್ಲ. ಹಾಗಾದರೆ ಹೋದದ್ದೆಲ್ಲಿ?

ಇಗೋ, ಸಿಕ್ಕಿತು. ಪಂಪಿನಡಿಯಲ್ಲಿ ಸಾಸಿವೆಯಷ್ಟು ತೂತು.
ಒಳಗಿನ ಸೀಲು ಸವೆದಾಗ ಅಳಲಿಕ್ಕೆಂದೇ
ಮಾಡಿದವರು ಬಿಟ್ಟದ್ದು.
ಬಾಯಲ್ಲಿ ನೀಲಿ ಪಿಸುರು ಕಟ್ಟಿದೆ.
ಎಷ್ಟು ದಿನದಿಂದ ಅಳುತ್ತಿತ್ತೋ, ಬಿಸಿ ಲೋಹದ ಮೇಲೆ
ನೆಲ ಮುಟ್ಟುವ ಮೊದಲೇ ಒಣಗಿ ಹೋಗಿದೆ.

'ನನಗೆ ಗೊತ್ತಿತ್ತು' ಅನ್ನುತ್ತೀಯಲ್ಲ ಈಗ!
ಬಾಯಿ ಬಿಟ್ಟೆಯಲ್ಲ, ಅಂತೂ!
'ಸಿಹಿ ವಾಸನೆ. ಮೊರಾ ದಾಟಿದಾಗಿನಿಂದ ಬರುತ್ತಿತ್ತು.'
ಮತ್ತೆ ಹೇಳಲಿಲ್ಲ?
'ನಾವು ಮಾತಾಡುತ್ತಿರಲಿಲ್ಲವಲ್ಲ.'

ಅಯ್ಯೋ ಪುಣ್ಯಾತ್ಮಾ,
ನಗಿಸಬೇಡ, ಚೆಲ್ಲುತ್ತದೆ. ಚೆಲ್ಲಿತು ನೋಡು.
ಆ ನಾಯಿ ಯಾರದು? ಓಡಿಸು, ಛೂ, ಛೂ,
ನೆಕ್ಕಿದರೆ ಸಾಯುತ್ತದೆ, ಸಿಹಿಯೆಂದು ಬರುತ್ತದೆ ಮುಂಡೇದು.
ಕಾಲಲ್ಲಿ ಮಣ್ಣು ಎಳೆ. ಕೈ ಬಿಡಬೇಡ!
ಉಳಿದ ಇಸ್ತ್ರಿ ನೀರನ್ನೆಲ್ಲ ಸುರಿದು ತೊಳೆಯುತ್ತೇನೆ.

ನಾಯಿ ಹೋಗಿ ಕಾರ್ಕ್ ಮರದ ಬುಡದಲ್ಲಿ ಕೂತಿದೆ, ಸಿಟ್ಟಾಗಿ.
ಸುಲಿದ ಕೆಂಪು ಬೊಡ್ಡೆಯ ಮೇಲೆ ಬಿಳಿ ಬಣ್ಣದಲ್ಲಿ ನಾಲ್ಕು.
ಸುಲಿದ ವರ್ಷದ ಕೊನೆಯಂಕಿ. ಒಂಬತ್ತು ವರ್ಷ
ಇನ್ನು ಯಾರೂ ಅದನ್ನು ಮುಟ್ಟುವುದಿಲ್ಲ.

ಮೇಲುಗೆರೆಗೆ ಒಂದು ಕೂದಲು ಕಡಿಮೆಗೆ ನಿಲ್ಲಿಸಿದೆ,
ಕಾದಾಗ ಉಬ್ಬಲು ಜಾಗ ಬೇಕು.
ಫಾರೊ ತನಕ ಇದು ಸಾಕು, ಅರ್ಧ ಗಂಟೆಗೊಮ್ಮೆ ನಿಂತರೆ.
ಅಲ್ಲಿ ಸೀಲು ಹಾಕಿಸೋಣ.

ಚಮಚ ಹಿಡಿದರೆ ಸೂಪು ಚೆಲ್ಲುವ ನಿನ್ನ ಕೈ
ಮುನ್ನೂರು ಕಿಲೊ ಹಿಡಿದು ಇಷ್ಟು ಹೊತ್ತಾಯಿತು,
ಒಮ್ಮೆಯೂ ನಡುಗಲಿಲ್ಲ. ನೋಡಿದೆ. ಹೇಳಲಿಲ್ಲ.

ಈಗ ಇಳಿಸು. ಮೆಲ್ಲಗೆ.
ತಾಳು, ತಾಳು,
ನನ್ನ ಕಾಲು ಇನ್ನೂ ಕೆಳಗಿದೆ.